ಇನ್ನೂರ ಹನ್ನೆರಡು ಬಾಟಲಿ, ಒಂದೇ ಲೇಖನ

ಬಾಟಲಿ ಬೆಚ್ಚಗಿತ್ತು.

ಡೆನ್ಮಾರ್ಕಿನ ಡಾಕ್ಟರ್ ಯೆನ್ಸನ್ ಅದನ್ನು ಕೆನ್ನೆಗೆ ಒತ್ತಿ ನೋಡಿದ, ಮೂಸಿದ, ಮತ್ತೆ ಒತ್ತಿದ. ಇಲ್ಲಿನವರು ಬಾವಿ ನೀರು ತುಂಬಿಸಿ ಜಗತ್ತಿಗೇ ಟೋಪಿ ಹಾಕಿದ್ದಾರೆಂದು ಹಿಡಿದುಹಾಕಲು ಸಮುದ್ರ ದಾಟಿ ಬಂದ ಮನುಷ್ಯ ಅವನು. ಬಾವಿ ನೀರು ಬೆಚ್ಚಗಿರುವುದಿಲ್ಲ. ಅಪ್ಪಟ ಮೂತ್ರ, ಆಗಷ್ಟೇ ಹಿಡಿದದ್ದು. ಪಕ್ಕದ ಬೇವಿನ ಕಟ್ಟೆಯ ಮೇಲೆ ಕೂತಿದ್ದ ಡಾಕ್ಟರ್ ನಾಗಲಿಂಗಯ್ಯನಿಗೆ ಹೋದ ಜೀವ ಬಂದಂತಾಯಿತು. ಅರ್ಧ ಜೀವ ಅನ್ನಿ. ಸಕ್ಕರೆಯ ಪರೀಕ್ಷೆ ಇನ್ನೂ ಬಾಕಿಯಿತ್ತು.

ನಾಗಲಿಂಗಯ್ಯ ಹುಲಿಕುಂಟೆ ಸೀಮೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಅವನು ಬರೆದದ್ದು ಒಂದೇ ಒಂದು ಸಂಶೋಧನಾ ಲೇಖನ, ೧೯೭೬ರಲ್ಲಿ. ಕರೇಗುಡ್ಡದ ಕುರಿಗಾಹಿಗಳ ಹಟ್ಟಿಯಲ್ಲಿ ಇನ್ನೂರ ಹನ್ನೆರಡು ಜನರ ಮೂತ್ರ ಪರೀಕ್ಷಿಸಿದರೆ ಒಬ್ಬರಿಗೂ ಸಕ್ಕರೆ ಕಾಯಿಲೆಯ ಸುಳಿವಿಲ್ಲ, ಇದೆಲ್ಲ ರಾಗಿಮುದ್ದೆಯ ಮಹಿಮೆ ಎಂದು ಬರೆದಿದ್ದ. ಅಷ್ಟೇ. ಲೇಖನ ಹತ್ತಿಕೊಂಡುಬಿಟ್ಟಿತು! ಪ್ರತಿ ಕಳಿಸಿ ಎಂದು ಪೋಲೆಂಡಿನಿಂದ, ಬ್ರೆಜಿಲ್‌ನಿಂದ, ಹೆಸರೇ ಕೇಳದ ಊರುಗಳಿಂದ ಕಾರ್ಡುಗಳು ಬಂದವು. ಅವನ್ನೆಲ್ಲ ಅಂಗಡಿಯ ಚೀಟಿಗಳಂತೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿದ. ರೋಗಿಗಳು ಕಣ್ಣುನೋವೆಂದು ಬಂದರೂ ಮೊದಲು ತಂತಿ ನೋಡಬೇಕಿತ್ತು.

ವರ್ಷಕ್ಕೆರಡು ಸಲ ಶಿರಾದಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಲೈಬ್ರರಿಗೆ ಹೋಗುತ್ತಿದ್ದ. ಯಾರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಪಟ್ಟಿ ಕೊಡುವ ದಪ್ಪ ಪುಸ್ತಕ ಅಲ್ಲಿತ್ತು. ಸಾಸಿವೆಯಂಥ ಅಕ್ಷರ. ಭೂತಗನ್ನಡಿ ಹಿಡಿದು ತನ್ನ ಹೆಸರಿನ ಕೆಳಗೆ ಎಣಿಸುತ್ತಿದ್ದ. ಏಳು ವರ್ಷದಲ್ಲಿ ನಲವತ್ತೊಂದು ಉಲ್ಲೇಖ! ಹೆಂಡತಿ ರಾಜಲಕ್ಷ್ಮಮ್ಮನ ಹುಟ್ಟಿದಹಬ್ಬ ಅವನಿಗೆ ನೆನಪಿರಲಿಲ್ಲ, ನಲವತ್ತೊಂದೂ ಕಂಠಪಾಠವಿದ್ದವು.

ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ ಖಾಲಿಯಿತ್ತು. ಎದುರಾಳಿಯ ಲೇಖನಗಳು ಹತ್ತೊಂಬತ್ತು, ಆದರೆ ಹತ್ತೊಂಬತ್ತನ್ನೂ ಸೇರಿಸಿ ಉಲ್ಲೇಖಿಸಿದವರು ಆರೇ ಜನ. ಹುದ್ದೆ ನಾಗಲಿಂಗಯ್ಯನಿಗೇ ಅಂತ ಆಗಿತ್ತು. ಅಷ್ಟರಲ್ಲಿ ಈ ಯೆನ್ಸನ್, ಇದು ನಂಬುವ ಮಾತಲ್ಲ, ನಾನೇ ಹೋಗಿ ನೋಡುತ್ತೇನೆ ಎಂದು ಬರೆದ. ಅವನು ನೋಡಿ ಹೇಳಿದಂತೆಯೇ ತೀರ್ಮಾನ ಎಂದಿತು ಆಯ್ಕೆ ಸಮಿತಿ. ಒಂದು ಬಾಟಲಿಯಲ್ಲಿ ಸಕ್ಕರೆ ಕಂಡರೂ ಪ್ರೊಫೆಸರ್‌ಗಿರಿ ಗೋವಿಂದ.

ಮೊದಲ ಸಲವೂ ಬಾಟಲಿ ತುಂಬಿಸುವುದು ಸುಲಭವಾಗಿರಲಿಲ್ಲ. ಉಗುರು, ಕೂದಲು, ಉಚ್ಚೆ ಪರರ ಕೈಗೆ ಕೊಟ್ಟರೆ ಮಾಟ ಮಾಡಿಸುತ್ತಾರೆ ಎಂದು ಹಟ್ಟಿಯವರ ಹೆದರಿಕೆ. ಡಾಕ್ಟರನ್ನು ಕಂಡರೆ ಬಾಗಿಲು ಹಾಕಿಕೊಂಡರು. ಸೋತ ನಾಗಲಿಂಗಯ್ಯ ಬಾಟಲಿಗಳನ್ನು ಆಸ್ಪತ್ರೆಯ ಆಯಾ ಜುಂಜಮ್ಮನಿಗೆ ಒಪ್ಪಿಸಿದ. ಅವಳು ಅದೇ ಹಟ್ಟಿಯವಳು.

"ಜನ ಕೊಡಾಕಿಲ್ಲ ಸಾಮಿ," ಎಂದಿದ್ದಳು.

"ಹೇಗಾದರೂ ಸರಿ, ಖಾಲಿ ಬಾಟಲಿ ಮಾತ್ರ ತರಬೇಡ," ಎಂದಿದ್ದ ಡಾಕ್ಟರು.

ಮಾರನೆಯ ದಿನ ಹೊತ್ತು ಮೂಡುವುದರೊಳಗೆ ಇನ್ನೂರ ಹನ್ನೆರಡೂ ತುಂಬಿ ಬಂದವು. ಅದು ಹೇಗೆ ಸಾಧಿಸಿದೆ ಎಂದು ಬೆರಗಾಗಿ ಕೇಳಿದ್ದಕ್ಕೆ, "ಮೂಗು ಹಿಡುದ್ರೆ ತಾನಾಗೇ ಬತ್ತದೆ ಸಾಮಿ," ಎಂದಳು. ಮೂಗು ಹಿಡಿದರೆ ಬಾಯಿ ಬಿಡುತ್ತಾರಲ್ಲ ಎಂದು ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೆಂಗಸರ ಜಾಣತನವೇ ಜಾಣತನ ಎಂದು ಹೊಗಳಿದ್ದ.

ಈ ಸಲವೂ ಜುಂಜಮ್ಮನೇ ದಿಕ್ಕು. ಮಾನವಂತರ ಹಟ್ಟಿ, ಗಂಡಸರು ಮುಳ್ಳುಬೇಲಿಯ ರೊಪ್ಪದ ಕಡೆ ತಲೆಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿ, ಡಾಕ್ಟರುಗಳಿಬ್ಬರಿಗೂ ಮಜ್ಜಿಗೆ ಕೊಟ್ಟು ಬೇವಿನ ಕಟ್ಟೆಯ ಮೇಲೆ ಕೂರಿಸಿ ಹೋಗಿದ್ದಳು. ಒಂದು ಗಂಟೆಯೊಳಗೆ ಬುಟ್ಟಿ ಬುಟ್ಟಿಯಾಗಿ ಬಾಟಲಿಗಳು ಬಂದವು.

ಯೆನ್ಸನ್ ಪರೀಕ್ಷೆಯ ಕಾಗದದ ಪಟ್ಟಿಗಳನ್ನು ಅದ್ದತೊಡಗಿದ. ಸಕ್ಕರೆಯಿದ್ದರೆ ಬಣ್ಣ ತಿರುಗಬೇಕು. ಒಂದು, ಸೊನ್ನೆ. ಐವತ್ತು, ಸೊನ್ನೆ. ನೂರು ದಾಟುವ ಹೊತ್ತಿಗೆ ನಾಗಲಿಂಗಯ್ಯ ಬಾಯಿಬಿಟ್ಟು ಎಣಿಸತೊಡಗಿದ್ದ. ಇದ್ದಕ್ಕಿದ್ದಂತೆ ಯೆನ್ಸನ್ ಹುಬ್ಬು ಗಂಟಿಕ್ಕಿದ. ಮಾಂಸ ತಿನ್ನುವವರ ಮೂತ್ರ ಹುಳಿಯ ಕಡೆಗಿರಬೇಕು. ಇದು ಕ್ಷಾರ, ಹುಟ್ಟಿದಾಗಿನಿಂದ ಬರೀ ಹಸಿರು ತಿಂದವರದ್ದರ ಹಾಗಿದೆ ಎಂದ. ನಾಗಲಿಂಗಯ್ಯ ತಡಮಾಡದೆ ಅಣ್ಣೆಸೊಪ್ಪು, ಹುರುಳಿಸೊಪ್ಪು, ನುಗ್ಗೆಸೊಪ್ಪು ಎಂದು ಈ ಸೀಮೆಯ ಸೊಪ್ಪುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಯೆನ್ಸನ್ ಭಕ್ತಿಯಿಂದ ಬರೆದುಕೊಂಡ.

ಸಂಜೆಗೆ ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡೂ ಸೊನ್ನೆ. ಯೆನ್ಸನ್ ಎದ್ದು ನಾಗಲಿಂಗಯ್ಯನನ್ನು ತಬ್ಬಿಕೊಂಡ. ಇಷ್ಟು ಆರೋಗ್ಯವಂತ ಜನರನ್ನು ತಾನು ಎಲ್ಲೂ ಕಂಡಿಲ್ಲ, ಹಾಗೆಂದೇ ಬರೆಯುತ್ತೇನೆ ಎಂದ. ಅದು ನಲವತ್ತೆರಡನೆಯ ಉಲ್ಲೇಖ!

ತಿಂಗಳೊಳಗೆ ಆದೇಶ ಬಂತು. ಪ್ರೊಫೆಸರ್ ನಾಗಲಿಂಗಯ್ಯ! ಕಾಗದ ಹಿಡಿದು ಆಸ್ಪತ್ರೆಯ ಜಗಲಿಯ ಮೇಲೆ ಮೂರು ಸುತ್ತು ಕುಣಿದ. ಕಸ ಗುಡಿಸುತ್ತಿದ್ದ ಜುಂಜಮ್ಮನ ಕೈಗೆ ಮೈಸೂರುಪಾಕಿನ ಪೊಟ್ಟಣವನ್ನೇ ಇಟ್ಟು, ಇಷ್ಟೆಲ್ಲ ನಿನ್ನ ಹಟ್ಟಿಯಿಂದಲೇ ಆದದ್ದು, ಆ ಇನ್ನೂರ ಹನ್ನೆರಡಕ್ಕೂ ಏನಾದರೂ ಕೊಡಲೇಬೇಕು, ಏನು ಕೊಡಲಿ ಹೇಳು ಎಂದ. ಸೀರೆಯೋ ಪಂಚೆಯೋ?

ಜುಂಜಮ್ಮನಿಗೆ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಡಾಕ್ಟರಾದರೂ ಮೂಕಪ್ರಾಣಿಗಳ ಉಪಕಾರ ಮರೆಯಲಿಲ್ಲವಲ್ಲ.

"ಸೀರೆ ಅವೇನು ಮಾಡ್ತವೆ ಸಾಮಿ, ಎಲ್ಡು ಮೂಟೆ ಜಾಲಿಕಾಯಿ ಹಾಕ್ಸಿ; ಎಲ್ಡು ಸಲಾನೂ ನಾನು ಮೂಗು ಹಿಡುದ್ರೆ ಒಂದು ಕುರೀನೂ ಇಲ್ಲ ಅನ್ನಲಿಲ್ಲ."