ಏಳನೇ ಮೊಳೆ

ಏಳನೇ ಮೊಳೆ ಖಾಲಿಯಾಗಿತ್ತು. ರಕ್ಷಣಾ ದಳದ ನಾಯಕ ಅದನ್ನೇ ನೋಡುತ್ತ ಹಗ್ಗವನ್ನು ಹೆಗಲಿಗೇರಿಸಿದ.

ಶಿಖರ ಹತ್ತುವವರು ಚೌಕಿಯ ಹಲಗೆಯಿಂದ ತಮ್ಮ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಇಳಿದ ಮೇಲೆ ಅದೇ ಮೊಳೆಗೆ ತಗುಲಿಸಬೇಕು. ಮೊಳೆ ಖಾಲಿಯಿದ್ದರೆ ಆಳು ಇನ್ನೂ ಮೇಲಿದ್ದಾನೆಂದೇ ಅರ್ಥ. ಆ ಹಲಗೆ ಕಾಯುವುದು ಅದರ ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕೆಲಸ. ಏಳನೆಯದು ಅವಳ ಗಂಡನದು. ದಾರಿಗೆ ಹಗ್ಗ ಕಟ್ಟಿ ಬರುತ್ತೇನೆಂದು ಅವನು ಒಬ್ಬನೇ ಹೋಗಿ ನಾಲ್ಕು ದಿನವಾಗಿತ್ತು.

"ಅತ್ತುಬಿಡಮ್ಮಾ, ಹಗುರಾಗುತ್ತೆ," ಎಂದ ನಾಯಕ.

ಅಳು ಬಂದರೆ ತಾನೆ? ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಅವಳು ಕಲ್ಲಿನಂತೆ ನಿಂತಿದ್ದಳು. ಬೆಳಿಗ್ಗೆ ಮನೆಯ ಕನ್ನಡಿಯ ಕೆಳಗೆ ಅವನ ರೇಜರ್ ಇರುತ್ತಿದ್ದ ಜಾಗವನ್ನು ಒರೆಸುವಾಗಲೂ ಏನೂ ಅನಿಸಿರಲಿಲ್ಲ.

ಹೊರಗೆ ಆರು ಜನ ಬೂಟು ಬಿಗಿಯುತ್ತಿದ್ದರು. "ಒಂದು ಲೋಟ ಚಹಾಕ್ಕೂ ಗತಿಯಿಲ್ಲ ನೋಡು," ಒಬ್ಬ ಗೊಣಗಿದ. "ಬಸ್ ಸ್ಟಾಪಿನ ಚಹಾದಂಗಡಿಯವಳು ಮೂರು ದಿನದಿಂದ ಬಾಗಿಲೇ ತೆಗೆದಿಲ್ಲ."

ಶಿಖರ ಕಾಣುತ್ತಿರಲಿಲ್ಲ. ಗಾಳಿಗೆ ಹಿಮ ಅಡ್ಡಡ್ಡ ಹಾರುತ್ತಿತ್ತು. ಅಂಥ ಗಾಳಿಯಲ್ಲಿ ಹತ್ತಿದರೆ ಆರಕ್ಕೆ ಆರೂ ಜನ ಇಳಿದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಒಲೆಯ ಪಕ್ಕದಲ್ಲಿ ಅತ್ತೆ ಎದೆ ಬಡಿದುಕೊಂಡಳು. "ಅಯ್ಯೋ, ಇವನಪ್ಪನನ್ನೂ ಇದೇ ಬೆಟ್ಟ ನುಂಗಿತಲ್ಲಪ್ಪಾ!" ಮುದುಕಿಗೆ ಮಗನೆಂದರೆ ಪ್ರಾಣ. ಆ ಮುಖ ನೋಡಿದಾಗಲೆಲ್ಲ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

"ಹತ್ತಬೇಡಿ ಅಣ್ಣಾ," ಎಂದಳು ಕೊನೆಗೆ.

"ಏನು ಮಾತಮ್ಮಾ ಇದು? ನಿನ್ನ ಗಂಡ ಮೇಲಿದ್ದಾನೆ!"

"ನನ್ನ ಪಾಲಿಗೆ ಅವರು ಹೋದರು. ಇವರನ್ನಾದರೂ ಹೆಂಡತಿ ಮಕ್ಕಳ ಹತ್ತಿರ ಕಳಿಸಿ."

ನಾಯಕನ ಕಣ್ಣು ತುಂಬಿ ಬಂತು. ಅವಳಿಗೆ ಕೈಮುಗಿದ. ಆರೂ ಜನ ಟೋಪಿ ತೆಗೆದು ಒಂದು ಗಳಿಗೆ ತಲೆ ತಗ್ಗಿಸಿ ನಿಂತರು. ಆಮೇಲೆ ಒಬ್ಬೊಬ್ಬರಾಗಿ ಕೆಳಗಿನ ಹಾದಿ ಹಿಡಿದರು.

ಅವಳು ಬಾಗಿಲು ಹಾಕಿದಳು. ಅತ್ತೆಯ ಅಳು ಗಕ್ಕನೆ ನಿಂತಿತು. ಮುದುಕಿ ಅಂಗೈಯಿಂದ ಮುಖ ಒರೆಸಿಕೊಂಡು ಸೊಸೆಯ ಜೇಬಿನ ಕಡೆ ನೋಡಿದಳು.

"ಅವನು ಇಳಿದು ಬಂದು ತಗುಲಿಸಿದ ಬಿಲ್ಲೆ ಅಲ್ಲವಾ ಅದು? ಕಮರಿಗೆ ಎಸೆದು ಬಾ ಮಗಳೇ. ಆ ಚಹಾದಂಗಡಿಯವಳ ಜೊತೆ ಬಸ್ ಹತ್ತಿದ್ದನ್ನ ನಾನೂ ನೋಡಿದೀನಿ."