ಬಿದ್ದರೆ ಹಿಡಿಯುವವರು

"ಮೊದಲು ನಿಮ್ಮ ಹೊಟ್ಟೆ ಕರಗಿಸ್ಕೊಳ್ಳಿ, ಆಮೇಲೆ ನನ್ನ ಕಾಲು ನೆಟ್ಟಗೆ ಮಾಡೋರಂತೆ!" ಲಾರಿ ಡ್ರೈವರ್ ಗಾಲಿಕುರ್ಚಿಯಲ್ಲಿ ಕೂತೇ ಕೂಗಿದ. ವ್ಯಾಯಾಮದ ಕೋಣೆಯಲ್ಲಿದ್ದ ರೋಗಿಗಳೆಲ್ಲ ಕೈಕಾಲು ಆಡಿಸುವುದು ನಿಲ್ಲಿಸಿ ಇತ್ತ ತಿರುಗಿದರು.

"ರೀ, ಬಾಯಿಗೆ ಬೀಗ ಹಾಕ್ರಿ," ಹೆಂಡತಿ ಗದರಿದಳು.

"ನೀನು ಸುಮ್ನಿರೇ. ಬಗ್ಗಿ ತನ್ನ ಶೂ ದಾರ ಕಟ್ಕೊಳ್ಳೋಕೇ ಏದುಸಿರು ಬಿಡ್ತಾಳೆ, ಇವಳು ನನಗೆ ನಡೆಯೋದು ಕಲಿಸ್ತಾಳಾ?"

ಥೆರಪಿಸ್ಟ್ ದಪ್ಪ ಹೆಂಗಸು. ಅವನ ಸೊಂಟಕ್ಕೆ ಕಟ್ಟುತ್ತಿದ್ದ ಅಗಲ ಪಟ್ಟಿಯನ್ನು ಬಿಚ್ಚಿ ತೆಳ್ಳಗಿನ ಸಹೋದ್ಯೋಗಿಯ ಕೈಗೆ ತುರುಕಿದಳು. "ಇವರಿಗೆ ರೂಪ ಬೇಕಂತೆ. ನೀವೇ ಹೋಗಿ."

ಸಹೋದ್ಯೋಗಿ ಜಾಹೀರಾತಿನಿಂದ ಇಳಿದು ಬಂದವನಂತಿದ್ದ. ಕೆಲಸ ಬಲ್ಲವನು, ಮಾತೂ ಮೆತ್ತಗೆ. ಹಿಡಿದು ನಡೆಯಲು ಹಾಕಿದ್ದ ಎರಡು ಕಂಬಿಗಳ ನಡುವೆ ಡ್ರೈವರನ ಎದುರು ನಿಂತು, ಪಟ್ಟಿ ಹಿಡಿದು, ತಾನು ಹಿಂದಕ್ಕೆ ಹೆಜ್ಜೆ ಇಡುತ್ತಾ ಅವನನ್ನು ಮುಂದಕ್ಕೆ ಕರೆದ. ಲಾರಿ ಮಗುಚಿ ಸೊಂಟ ಮುರಿದ ದಿನದಿಂದ ಡ್ರೈವರನಿಗೆ ಬೀಳುವ ಭಯ. ಮೂಳೆ ಕೂಡಿತ್ತು, ಭಯ ಹೋಗಿರಲಿಲ್ಲ. ಮತ್ತೆ ಲಾರಿ ಹತ್ತದಿದ್ದರೆ ತಾನು ಯಾರು ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಆದರೂ ಕೈ ಕಂಬಿ ಬಿಡಲಿಲ್ಲ, ಕಾಲು ನೆಲ ಬಿಡಲಿಲ್ಲ.

"ನನ್ನ ಮೇಲೆ ಭಾರ ಹಾಕಿ ಅಣ್ಣಾ, ಹಿಡೀತೀನಿ."

"ನಾನು ನಿನ್ನ ಮೇಲೆ ಬಿದ್ರೆ ನಿನ್ನನ್ನ ಹಿಡಿಯೋರು ಯಾರಪ್ಪಾ?"

ವಾರವಿಡೀ ಇದೇ ಆಯಿತು. ಕೊನೆಗೆ ಡ್ರೈವರ್ ಮೂಲೆಯಲ್ಲಿದ್ದ ಆ ದಪ್ಪ ಹೆಂಗಸಿನತ್ತ ನೋಡಿದ. "ನೀವೇ ಬನ್ನಿ."

"ನನ್ನ ಹೊಟ್ಟೆ ಇನ್ನೂ ಕರಗಿಲ್ಲ."

"ಬನ್ನಿ ಅಂದ್ನಲ್ಲಾ!" ಬೇಡಿಕೊಳ್ಳುವಾಗಲೂ ಅವನಿಗೆ ಬರುತ್ತಿದ್ದುದು ಜೋರು ದನಿಯೇ.

ಅವಳು ಬಂದು ಕಾಲು ಅಗಲಿಸಿ ನಿಂತಳು. ಅವನು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು ಕಂಬಿ ಬಿಟ್ಟ. ಒಂದೆರಡು ಹೆಜ್ಜೆಗೇ ಮಂಡಿ ಕುಸಿಯಿತು. ಇಡೀ ದೇಹ ಅವಳ ಹೆಗಲ ಮೇಲೆ ಬಿತ್ತು. ಅವಳು ಕದಲಲಿಲ್ಲ.

"ಬಿದ್ರಲ್ಲ, ಆಯ್ತಾ? ಈಗ ಏಳಿ."

ಅವನು ಅಲ್ಲೇ ಒರಗಿಕೊಂಡು ನಗತೊಡಗಿದ. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೊನೆಯ ದಿನ ಅವನು ಬಾಗಿಲಿನಿಂದ ಅವಳ ಮೇಜಿನವರೆಗೆ ನಡೆದೇ ಬಂದ. "ಒಂದು ಮಾತು. ನೀವು ಸಣ್ಣಗಾಗಬೇಡಿ."

"ನನ್ನ ಮಂಡಿ ಬೇರೆ ಮಾತು ಹೇಳುತ್ತೆ. ದಿನಾ ಸಂಜೆ ವಾಕಿಂಗ್ ಹೋಗ್ತಿದ್ದೀನಿ."

ಅವನು ಹುಬ್ಬು ಗಂಟಿಕ್ಕಿದ. "ಹಾಗಾದ್ರೆ ನಿಧಾನಕ್ಕೆ ಸಣ್ಣಗಾಗಿ. ನನ್ನಂಥೋರು ಇನ್ನೂ ಎಷ್ಟು ಜನ ಬೀಳೋದಿದ್ಯೋ." ಬೇಕಿಲ್ಲದಿದ್ದರೂ ಅವಳ ಹೆಗಲ ಮೇಲೆ ಒಮ್ಮೆ ಕೈಯೂರಿ ಬಾಗಿಲತ್ತ ತಿರುಗಿದ.

"ಹೋಗಿ. ಇನ್ನು ಈ ಕಡೆ ತಲೆ ಹಾಕಬೇಡಿ," ಎಂದಳು.

ಅವಳ ಮಾತಿಗೆ ಎದುರಾಡದೆ ಅವನು ತಲೆಬಾಗಿದ್ದು ಅದೊಂದು ಸಲ ಮಾತ್ರ.