ಗಂಜಿ ಕುಡಿದು ಐದು ಮಣ

“ಉಸಿರು ಬಿಗಿಹಿಡಿಬೇಡ ನೀಲಾ, ಸರಿಯಾಗಿ ಕೂತ್ಕೋ,” ಎಂದು ರಾಜೇಶ್ವರಮ್ಮ ಸೊಸೆಯನ್ನು ಗದರಿದರು.

ನೀಲಾಂಬಿಕ ಮಾವನ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ, ಬೆಲ್ಲ ಇಡುವ ಹಲಗೆಯ ಮೇಲೆ ಮುದುರಿ ಕೂತಿದ್ದಳು. ಮೂರು ತಿಂಗಳ ಬಸುರಿ. ಮಾವ ಚಂದ್ರಶೇಖರಪ್ಪ ಎದುರಿನ ಹಲಗೆಗೆ ಒಂದೊಂದೇ ತೂಕದ ಗುಂಡು ಪೇರಿಸಿದರು. ಮುಳ್ಳು ನೆಟ್ಟಗಾಯಿತು. ನಾಲ್ಕೂಮುಕ್ಕಾಲು ಮಣ, ಈಗಿನ ಲೆಕ್ಕದಲ್ಲಿ ಐವತ್ತು ಕಿಲೋ ದಾಟಿತ್ತು!

ರಾಜೇಶ್ವರಮ್ಮ ಸೆರಗಿನ ಗಂಟಿನಿಂದ ಚೀಟಿ ತೆಗೆದರು. ವಾರದ ಹಿಂದೆ ಸೊಸೆ ಶಿಕಾರಿಪುರದ ತವರಿನಿಂದ ಹೊರಟಾಗ ಅವಳಪ್ಪ ಗಂಗಾಧರಪ್ಪನವರೇ ತೂಗಿ ಚೀಟಿ ಬರೆದು ಕಳಿಸಿದ್ದರು: ‘ನಾಲ್ಕು ಮಣ. ಮೊದಲ ತಿಂಗಳುಗಳಲ್ಲೇ ವಿಪರೀತ ದಪ್ಪಗಾದರೆ ಹೆರಿಗೆ ಕಷ್ಟವೆಂದು ನರ್ಸಮ್ಮ ಹೇಳಿದ್ದಾರೆ. ವಾರವಾರ ತೂಗಿ ನೋಡಿಕೊಳ್ಳಿ.’ ಆನವಟ್ಟಿಯಲ್ಲಿ ಮನುಷ್ಯರನ್ನು ತೂಗುವ ಯಂತ್ರವನ್ನು ಯಾರು ಕಂಡಿದ್ದರು? ಅಂಗಡಿಯ ತಕ್ಕಡಿಯೇ ಗತಿ.

“ಏಳು ದಿನಕ್ಕೆ ಮುಕ್ಕಾಲು ಮಣ! ಕದ್ದು ತಿಂತಾಳೆ ಇವಳು.”

ಐವತ್ತೆಂಟನೇ ಇಸವಿಯ ಸಂಕ್ರಾಂತಿಗೆ ಹತ್ತು ದಿನವಿತ್ತು. ಅಂಗಡಿ ತುಂಬ ಗಿರಾಕಿಗಳು. ಬೆಲ್ಲಕ್ಕೆ ಬಂದಿದ್ದ ಉಳವಿಯ ತಿಮ್ಮಮ್ಮ ಕೊರಳು ಚಾಚಿ ನೋಡಿದಳು. ಚಂದ್ರಶೇಖರಪ್ಪ ಹೆಂಡತಿಯ ಮುಖ ನೋಡಿದರು, ಗಿರಾಕಿಗಳ ಮುಖ ನೋಡಿದರು, ಏನೋ ಹೇಳಹೊರಟು ಕೆಮ್ಮಿ, ಗುಂಡುಗಳನ್ನು ಒಂದೊಂದಾಗಿ ಕೆಳಗಿಳಿಸಿದರು.

ಅಂದಿನಿಂದ ನೀಲಾಂಬಿಕಳಿಗೆ ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ. ರೊಟ್ಟಿಯಿಲ್ಲ, ತುಪ್ಪವಂತೂ ಕೇಳಲೇಬೇಡಿ. ಪರವಹಿಸಿ ಮಾತಾಡಬೇಕಾದ ಗಂಡ ಬೆಲ್ಲ ತರಲು ಮಂಡ್ಯಕ್ಕೆ ಹೋಗಿದ್ದ. ಪಾಪ, ಹುಡುಗಿ ಹಸಿವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾವ ಮಾತ್ರ ಯಾರೂ ಇಲ್ಲದಾಗ ಬಂದು ಕಿಟಕಿಯಲ್ಲಿ ಒಂದು ಬಾಳೆಹಣ್ಣಿಟ್ಟು, ಕಳ್ಳನ ಹಾಗೆ ಹೊರಟುಹೋಗುತ್ತಿದ್ದರು.

ರಾಜೇಶ್ವರಮ್ಮ ಕೆಟ್ಟವರೇನಲ್ಲ. ಒಂದು ಮೊಮ್ಮಗುವಿಗಾಗಿ ನಾಲ್ಕು ವರ್ಷ ಸೋಮವಾರ ಉಪವಾಸ ಮಾಡಿದವರು. ಗಂಡನನ್ನು ನಂಬಿದಷ್ಟೇ ಗಂಡನ ತಕ್ಕಡಿಯನ್ನೂ ನಂಬಿದ್ದರು.

ಮುಂದಿನ ವಾರ ಮತ್ತೆ ತೂಗಿದರು. ಹಬ್ಬಕ್ಕೆ ಮೂರೇ ದಿನ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬದ ವ್ಯಾಪಾರಕ್ಕೆಂದು ಚಂದ್ರಶೇಖರಪ್ಪ ಹಿಂದಿನ ರಾತ್ರಿಯಷ್ಟೇ ಬಾಗಿಲು ಹಾಕಿಕೊಂಡು ತಕ್ಕಡಿ ರಿಪೇರಿ ಮಾಡಿದ್ದರು. ನೀಲಾಂಬಿಕಳ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ತೂಕ ಬರೋಬ್ಬರಿ ಐದು ಮಣ.

“ಗಂಜಿ ಕುಡಿದು ಐದು ಮಣ! ನೋಡೋಕೆ ಕಡ್ಡಿ ಆಗ್ಯಾಳೆ. ಇದು ಒಳಗಿನ ಬಾವು ಕಣ್ರೀ, ಮಗೂಗೆ ಏನಾದ್ರೂ ಆದ್ರೆ?” ಎಂದು ರಾಜೇಶ್ವರಮ್ಮ ಅತ್ತೇಬಿಟ್ಟರು.

ಮರುದಿನವೇ ಮೂವರೂ ಶಿಕಾರಿಪುರದ ಬಸ್ಸು ಹತ್ತಿದರು.

ಗಂಗಾಧರಪ್ಪ ಭತ್ತ ಕೊಳ್ಳುವ ವ್ಯಾಪಾರಿ. ಕೊಯ್ಲು ಮುಗಿದು ಈಸೂರಿನ ಗಾಡಿಗಳು ಬಾಗಿಲಲ್ಲಿ ಸಾಲುಗಟ್ಟಿದ್ದವು. ಬೀಗಿತ್ತಿಯ ಮಾತು ಕೇಳಿದವರೇ ಗಾಬರಿಯಲ್ಲಿ ರೈತ ಆನಂದಪ್ಪನ ಚೀಲವನ್ನು ತಕ್ಕಡಿಯಿಂದ ಕೆಳಗಿಳಿಸಿ ಮಗಳನ್ನು ಕೂರಿಸಿದರು.

ಮೂರೂಮುಕ್ಕಾಲು ಮಣ.

“ಅಯ್ಯೋ ಶಿವನೇ! ನಿನ್ನೆ ಐದು ಇದ್ಲು. ಒಂದೂಕಾಲು ಮಣ ಬಸ್ಸಲ್ಲಿ ಎಲ್ಲಿ ಬಿದ್ದೋಯ್ತು?” ಎಂದರು ರಾಜೇಶ್ವರಮ್ಮ.

“ದಾರ್ಯಾಗ ಕರಗಿರಬೇಕು ಬಿಡ್ರೀ ಅಮ್ಮಾರೆ,” ಎಂದ ಆನಂದಪ್ಪ ತಣ್ಣಗೆ. “ನಮ್ಮ ಭತ್ತಾನೂ ಈಸೂರಿಂದ ಇಲ್ಲಿಗೆ ಬರೋದ್ರಾಗ ಹಂಗೇ ಕರಗ್ತತಿ.”

“ಹಂಗಲ್ಲ. ಎರಡರಲ್ಲಿ ಒಂದು ತಕ್ಕಡಿ ಸುಳ್ಳು!” ಎಂದರು ರಾಜೇಶ್ವರಮ್ಮ.

ಬೀಗರಿಬ್ಬರೂ ಒಟ್ಟಿಗೇ ಬೆಚ್ಚಿಬಿದ್ದರು.

“ಛೆ ಛೆ, ಎಂಥ ಮಾತ್ರೀ! ಬೀಗರ ತಕ್ಕಡೀಲಿ ಬಂಗಾರ ತೂಗಬಹುದು,” ಎಂದರು ಗಂಗಾಧರಪ್ಪ.

“ನಿಮ್ದೂ ಅಷ್ಟೇ ಬೀಗರೇ, ಧರ್ಮದ ತಕ್ಕಡಿ,” ಎಂದರು ಚಂದ್ರಶೇಖರಪ್ಪ.

“ಹಂಗಾದ್ರೆ ಇದು ರೋಗಾನೇ,” ಎಂದು ರಾಜೇಶ್ವರಮ್ಮ ಕಣ್ಣೊರೆಸಿಕೊಂಡರು. “ಪಂಡಿತರು ಬಂದು ನೋಡೋವರೆಗೂ ಗಂಜಿನೂ ಬೇಡ. ಬರೀ ಬಿಸಿನೀರು ಕೊಡಿ.”

ನೀಲಾಂಬಿಕ ಹಲಗೆಯಿಂದ ಇಳಿಯಲಿಲ್ಲ. ಅಪ್ಪನತ್ತ ನೋಡಿದಳು, ಅವರು ಭತ್ತದ ರಾಶಿ ನೋಡುತ್ತಿದ್ದರು. ಮಾವನತ್ತ ನೋಡಿದಳು, ಅವರು ಮಾಡಿನ ಹೆಂಚು ಎಣಿಸುತ್ತಿದ್ದರು. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಾರೆಂದು ಒಂದು ವಾರದಿಂದ ಕಾದಿದ್ದಳು. ಈ ತಕ್ಕಡಿಯ ಕೆಳಗೇ ಅಂಬೆಗಾಲಿಟ್ಟು ಬೆಳೆದವಳು ಅವಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮಾನ ಹೋದರೆ ಅವರದು ಹೋಗಲಿ ಎನಿಸುವಷ್ಟು ಸಿಟ್ಟು ಬಂತು.

“ಅತ್ತೇ, ನಂಗ ಯಾವ ರೋಗಾನೂ ಇಲ್ಲ,” ಎಂದಳು, ಈಸೂರಿನ ಅಷ್ಟೂ ಗಾಡಿಗಳಿಗೆ ಕೇಳುವ ಹಾಗೆ. “ಮಾವ ನನ್ನ ಮಾರೋ ಬೆಲ್ಲದಂಗ ತೂಗಿದ್ರು, ಅಪ್ಪಾಜಿ ಕೊಳ್ಳೋ ಭತ್ತದಂಗ ತೂಗಿದ್ರು, ಈಗಲಾದ್ರೂ ಒಂದು ತುತ್ತು ಅನ್ನ ಹಾಕ್ರಿ.”